ನಾಲ್ಕನೇ ಗಾಲಿಯ ಕೆಂಪು ಗೆರೆ

ಇದನ್ನು ಕೊನೆಯ ತನಕ ಕೇಳಿಬಿಡಿ, ನಡುವೆ ಎದ್ದು ಹೋಗಬೇಡಿ. ಅರ್ಧ ಕೇಳಿದವರೆಲ್ಲ ಯಾರದಾದರೂ ಒಬ್ಬರ ಪಕ್ಷ ಹಿಡಿದುಬಿಡುತ್ತಾರೆ. ಆಫೀಸಿನ ಹಿಮಬಿಂದು ಅಂತೂ ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ತಪ್ಪೆಲ್ಲ ನಂದೇ ಅಂತ ಹೇಳಿ ಕೈ ತೊಳೆಯಲು ಹೋದಳು. ಪೂರ್ತಿ ಕೇಳಿ, ಆಮೇಲೆ ನೀವೂ ಬೇಕಾದರೆ ಹಾಗೇ ಹೇಳಿ, ಬೇಜಾರಿಲ್ಲ.

ನಾನು ಪ್ರತೀಕ್ಷಾ. ಕೆಲಸ ವಿಶಾಖಪಟ್ಟಣದ ಮಧುರವಾಡದ ಒಂದು ಐಟಿ ಆಫೀಸಿನಲ್ಲಿ, ಮನೆ ಎಂವಿಪಿ ಕಾಲೋನಿಯಲ್ಲಿ, ಮನಸ್ಸು ಮಾತ್ರ ಯಾವಾಗಲೂ ಯಾವುದಾದರೂ ಗಾಡಿಯ ಬಾನೆಟ್ ಕೆಳಗೆ. ಅಪ್ಪ ಶ್ರೀಪಾದ ಗದಗಿನವರು. ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಅಮ್ಮ ಹರಿಣಾಕ್ಷಿ. ಇಷ್ಟು ವರ್ಷ ವಿಶಾಖಪಟ್ಟಣದಲ್ಲಿ ಕಳೆದರೂ ಇಬ್ಬರ ಬಾಯಲ್ಲೂ ಗದಗು ಹಾಗೇ ಕೂತಿದೆ. ನನ್ನ ಕನ್ನಡದಲ್ಲಿ ಅರ್ಧ ತೆಲುಗು. ಅಮ್ಮ ಅದನ್ನು ಮಿಸಳಭಾಜಿ ಅನ್ನುತ್ತಾಳೆ. ಅಮ್ಮ ಎಲ್ಲರಿಗೂ ಏನಾದರೊಂದು ಅನ್ನುತ್ತಾಳೆ. ಇದನ್ನು ನೆನಪಿಟ್ಟುಕೊಳ್ಳಿ.

ರಿಟೈರ್ ಆದ ಮೇಲೆ ಅಪ್ಪ ಒಂದೇ ಪೇಪರನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಿಡಿದು ಕೂರತೊಡಗಿದರು. ಸಂಜೆ ಓದುತ್ತಿರಲಿಲ್ಲ, ಹಾಳೆ ತಿರುಗಿಸುತ್ತಿದ್ದರು ಅಷ್ಟೆ. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಮನೆಯ ಪಕ್ಕಕ್ಕೆ ಒಂದು ಕಾರ್ ಶೆಡ್ ಇತ್ತು, ಅದರೊಳಗೆ ಕಾರ್ ಬಿಟ್ಟು ಬೇರೆಲ್ಲ ಇತ್ತು: ಉಪ್ಪಿನಕಾಯಿ ಭರಣಿ, ಮುರಿದ ಮಂಚ, ಟೌನ್‌ಶಿಪ್ ಕ್ವಾರ್ಟರ್ಸಿನಿಂದ ತಂದು ಇನ್ನೂ ಬಿಚ್ಚದ ಪೆಟ್ಟಿಗೆಗಳು. ನಾನು ಹಟ ಹಿಡಿದು ಎಲ್ಲ ಖಾಲಿ ಮಾಡಿಸಿದೆ. ಇಲ್ಲಿ ನಾವಿಬ್ಬರೂ ಸೇರಿ ಮನೆ ಮಟ್ಟದ ಒಂದು ವರ್ಕ್‌ಶಾಪ್ ಮಾಡೋಣ, ನಮ್ಮ ಗಾಡಿಗಳನ್ನು ನಾವೇ ನೋಡಿಕೊಳ್ಳೋಣ ಅಂದೆ. ಅಪ್ಪ ಮೊದಲು ನಕ್ಕರು, ಆಮೇಲೆ ಟೇಪ್ ತಂದು ಶೆಡ್ಡಿನ ಅಳತೆ ತೆಗೆದುಕೊಂಡರು.

ಸಾಮಾನು ಎಲ್ಲಿಂದ ತರುವುದು ಅನ್ನುವುದು ಪ್ರಶ್ನೆಯೇ ಆಗಿರಲಿಲ್ಲ. ಅಣ್ಣ ನಂದನ್ ಕೆಲಸದಲ್ಲಿರುವುದು ವಿಜಯವಾಡದಲ್ಲಿ, ಮದುವೆಯಾಗಿದ್ದೂ ಅಲ್ಲಿಯ ಹುಡುಗಿಯನ್ನು. ಅವಳು ಸಾಯಿಪ್ರಿಯಾ, ನನ್ನ ವದಿನ. ಅತ್ತಿಗೆ ಅನ್ನಲು ನನ್ನ ಬಾಯಿಗೆ ಬರುವುದು ತೆಲುಗಿನ ಆ ಮಾತೇ. ಅವಳ ತಂದೆ ದುರ್ಗಾಪ್ರಸಾದ್ ಅವರದು ಅಲ್ಲಿ ಗ್ಯಾರೇಜುಗಳೇ ತುಂಬಿದ ಆಟೋನಗರದಲ್ಲಿ ಟೂಲ್ಸ್ ಅಂಗಡಿ. ವದಿನ ಈಗ ಬ್ಯಾಂಕಿನಲ್ಲಿದ್ದಾಳೆ, ಆದರೆ ಕಾಲೇಜಿನ ದಿನಗಳನ್ನೆಲ್ಲ ಕಳೆದದ್ದು ಆ ಅಂಗಡಿಯ ಕೌಂಟರಿನ ಹಿಂದೆ.

ನಾನು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಒಂದು ದೊಡ್ಡ ಸೆಟ್ಟಿನ ಮೇಲೆ ಕಣ್ಣಿಟ್ಟಿದ್ದೆ. ಸೂಟ್‌ಕೇಸಿನಂಥ ಪೆಟ್ಟಿಗೆ, ತೆರೆದರೆ ಆಭರಣದ ಅಂಗಡಿ. ಅಪ್ಪನೂ ನಾನೂ ಅಂಗಡಿಗೆ ಹೋದ ದಿನ ವದಿನ ಅದನ್ನು ಕೌಂಟರ್ ಮೇಲೆ ಇಟ್ಟು, ಇದರಲ್ಲಿ ಯಾವ್ಯಾವುದು ಯಾವ ಕೆಲಸಕ್ಕೆ ಹೇಳು ನೋಡೋಣ ಅಂದಳು. ನಾನು ಮೇಲಿನ ಸಾಲು ದಾಟಲಿಲ್ಲ. ಅವಳು ಆ ಸೆಟ್ಟಿನ ಒಂದು ಸಾಕೆಟ್ ತೆಗೆದು ಹಳೆಯ ನಟ್ಟೊಂದರ ಮೇಲೆ ಕೂರಿಸಿ ತಿರುಗಿಸಿ ತೋರಿಸಿದಳು. ಒಳಗೆ ಹನ್ನೆರಡು ಮೂಲೆ ಇರುವ ಸಾಕೆಟ್ ನಟ್ಟಿನ ಮೂಲೆಯನ್ನಷ್ಟೇ ಹಿಡಿಯುತ್ತದೆ, ತುಕ್ಕು ಹಿಡಿದ ನಟ್ಟಾದರೆ ಮೂಲೆ ಸವೆದು ದುಂಡಗಾಗುತ್ತದೆ. ಆರು ಮೂಲೆಯದು ನಟ್ಟಿನ ಮೈಯನ್ನು ಹಿಡಿಯುತ್ತದೆ. ಸಮುದ್ರದ ಗಾಳಿಯ ಊರಿನವರು ನೀವು, ನಿಮಗೆ ಸಿಗುವ ನಟ್ಟೆಲ್ಲ ತುಕ್ಕಿನವೇ, ಆರು ಮೂಲೆಯದು ತಗೊಳ್ಳಿ ಅಂದಳು.

ಹಾಗೆ ಒಂದೊಂದಾಗಿ ಆರಿಸಿದೆವು. ನಮ್ಮ ಗಾಡಿಗಳಿಗೆ ಬೇಕಾದ ಸೈಜಿನ ರಿಂಗ್ ಸ್ಪ್ಯಾನರ್‌ಗಳು, ಸಾಕೆಟ್ ತಿರುಗಿಸಲು ಉದ್ದ ಹಿಡಿಯ ಒಂದು ರ‍್ಯಾಚೆಟ್, ಒಳ್ಳೆಯ ಸ್ಕ್ರೂಡ್ರೈವರ್‌ಗಳು. ಅಪ್ಪ ಪ್ರತಿ ಸ್ಪ್ಯಾನರನ್ನೂ ಅಂಗೈಯಲ್ಲಿ ತೂಗಿ ನೋಡಿ, ಬಾಯಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ, ಆಮೇಲೆ ಬುಟ್ಟಿಗೆ ಹಾಕುತ್ತಿದ್ದರು. ಟ್ರಾಲಿ ಜಾಕ್ ನೋಡಿದ ಮೇಲೆ ನಾನು ಸಾಕು ಅಂದೆ. ವದಿನ ನಾಲ್ಕು ಜಾಕ್ ಸ್ಟ್ಯಾಂಡುಗಳನ್ನು ಎಳೆದು ತಂದು ಕಾಲ ಬಳಿ ಇಟ್ಟಳು.

"ಜಾಕ್ ಎತ್ತೋಕೆ, ಪ್ರತೀ. ನಿಲ್ಲಿಸೋಕೆ ಇದು. ಬರೀ ಜಾಕ್ ನಂಬಿ ನೀನು ಗಾಡಿ ಕೆಳಗೆ ಹೋದ್ರೆ ಮಾವಯ್ಯಂಗೆ ನಾನೇ ಫೋನ್ ಮಾಡ್ತೀನಿ."

ಕೊನೆಗೆ ಟಾರ್ಕ್ ರೆಂಚ್. ಅದರ ಹಿಡಿಯಲ್ಲಿ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ತಿರುಗಿಸಿಟ್ಟುಕೊಂಡರೆ, ನಟ್ಟು ಅಷ್ಟು ಬಿಗಿಯಾದ ತಕ್ಷಣ ಅದು ಕೈಗೆ ಗೊತ್ತಾಗುವ ಹಾಗೆ 'ಟಕ್' ಅನ್ನುತ್ತದೆ. ಅಪ್ಪ ಅದನ್ನು ಹಿಡಿದಾಗ ಅವರ ಮುಖ ನೋಡಬೇಕಿತ್ತು ನೀವು. ದುರ್ಗಾಪ್ರಸಾದ್ ಅವರು ಅದೊಂದನ್ನು ಬಿಲ್ಲಿಗೆ ಸೇರಿಸದೆ, ಬಾವಗಾರಿಗೆ, ಅಂದರೆ ಬೀಗರಿಗೆ, ನನ್ನ ಕಡೆಯಿಂದ ಅಂತ ಕೈಗಿತ್ತರು.

ಶೆಡ್ಡಿಗೆ ಜೀವ ಬಂತು. ಅದಕ್ಕಿಂತ ಮೊದಲು ಅಪ್ಪನಿಗೆ. ಬೆಳಿಗ್ಗೆ ಎದ್ದು ಟೂಲ್‌ಗಳನ್ನು ಎಣ್ಣೆ ಬಟ್ಟೆಯಿಂದ ಒರೆಸುವುದು, ತುಕ್ಕು ಬಾರದಿರಲಿ ಅಂತ ಡ್ರಾಯರಿನಲ್ಲಿ ಕರ್ಪೂರದ ತುಂಡು ಇಡುವುದು, ಪಕ್ಕದ ಮನೆಯವರ ಸ್ಕೂಟರಿನ ಬ್ರೇಕ್ ನೋಡುವುದು. ಸಂಜೆಯ ಪೇಪರ್ ನಿಂತೇ ಹೋಯಿತು. ಅಮ್ಮ, ನನ್ನ ಸವತಿ ಶೆಡ್ಡಿನೊಳಗ ಅದಾಳ ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿಕೊಂಡು ಅಲ್ಲಿಗೇ ಚಹಾ ತಂದುಕೊಡುತ್ತಿದ್ದಳು.

ಶೆಡ್ಡಿಗೆ ಅಪ್ಪ ಕಾರ್ಖಾನೆಯ ಒಂದೇ ಒಂದು ನಿಯಮ ತಂದರು. ನಟ್ಟನ್ನು ಒಬ್ಬರು ಬಿಗಿ ಮಾಡಬೇಕು. ಇನ್ನೊಬ್ಬರು ಟಾರ್ಕ್ ರೆಂಚ್ ಹಾಕಿ 'ಟಕ್' ಕೇಳಿಸಿಕೊಂಡು, ನಟ್ಟಿನಿಂದ ಗಾಲಿಯ ಮೇಲಕ್ಕೆ ಕೆಂಪು ಪೇಂಟಿನ ಒಂದು ಸಣ್ಣ ಗೆರೆ ಎಳೆಯಬೇಕು. ನಟ್ಟು ಸಡಿಲಾದರೆ ಗೆರೆ ಮುರಿಯುತ್ತದೆ, ಒಂದೇ ನೋಟಕ್ಕೆ ಗೊತ್ತಾಗುತ್ತದೆ.

"ಟೈಟ್ ಮಾಡೋ ಕೈ ಬ್ಯಾರೆ, ಗೆರಿ ಹಾಕೋ ಕೈ ಬ್ಯಾರೆ," ಅಂದರು ಅಪ್ಪ. "ಗೆರಿ ಅಂದ್ರ ಇನ್ನೊಬ್ಬರ ಮಾತು ಇದ್ದಂಗ. ಗೆರಿ ಬಿದ್ದ ಮ್ಯಾಲೆ ಮತ್ತ ಸ್ಪ್ಯಾನರ್ ಹಾಕಿ ನೋಡಬಾರದು."

ಈಗ ದಸರೆಗೆ ಬರುತ್ತೇನೆ. ಅಣ್ಣ ವದಿನ ಮದುವೆಯಾದ ಮೇಲಿನ ಮೊದಲ ದಸರೆಗೆ ಕಾರಿನಲ್ಲಿ ಬಂದಿದ್ದರು. ಖಂಡೇನವಮಿಯ ಆಯುಧಪೂಜೆ ಇಲ್ಲಿ, ಮರುದಿನ ದಶಮಿಗೆ ವಿಜಯವಾಡದಲ್ಲಿ ಅವಳ ತವರು ಅಂತ ಮೊದಲೇ ಮಾತಾಗಿತ್ತು. ನವಮಿಯ ಬೆಳಿಗ್ಗೆ ಅಪ್ಪ ಮತ್ತು ನಾನು ಅಣ್ಣನ ಕಾರನ್ನು ಶೆಡ್ಡಿಗೆ ಹಾಕಿಕೊಂಡೆವು. ನಾಲ್ಕೂ ಗಾಲಿ ಬಿಚ್ಚಿ ಬ್ರೇಕ್ ಸ್ವಚ್ಛ ಮಾಡಿ, ಟೈರುಗಳನ್ನು ಹಿಂದಿನದು ಮುಂದಕ್ಕೆ ಮುಂದಿನದು ಹಿಂದಕ್ಕೆ ಹಾಕಿ ಕೂರಿಸುವುದು. ಕೆಲಸ ನಿಧಾನವಾಯಿತು, ಯಾಕೆಂದರೆ ನಾನು ಪ್ರತಿಯೊಂದಕ್ಕೂ ಯಾಕೆ ಅಂತ ಕೇಳುತ್ತಿದ್ದೆ. ಕಾರನ್ನು ಕೆಳಗಿಳಿಸಿ ಮೂರು ಗಾಲಿಗೆ ಅಪ್ಪ ಬಿಗಿ ಮಾಡಿದರು, ನಾನು 'ಟಕ್' ಕೇಳಿಸಿಕೊಂಡು ಗೆರೆ ಎಳೆದೆ. ನಾಲ್ಕನೆಯದಕ್ಕೆ, ಅಂದರೆ ಎಡಗಡೆಯ ಹಿಂದಿನದಕ್ಕೆ ನಟ್ಟುಗಳನ್ನು ಬರೀ ಕೈಬಿಗಿ ಮಾಡಿದ್ದೆವು, ಅಷ್ಟರಲ್ಲಿ ಅಮ್ಮ ಬಂದಳು. ರಾಹುಕಾಲ ಹತ್ತಿರ ಬಂತು, ಆಯುಧಗಳನ್ನು ಈಗಲೇ ಪೂಜೆಗೆ ಕೂಡಿಸಬೇಕು ಅಂತ.

ನಮ್ಮ ಮನೆಯಲ್ಲಿ ಖಂಡೇನವಮಿಗೆ ಪೂಜೆಗೆ ಕೂಡಿಸಿದ ಆಯುಧವನ್ನು ಮರುದಿನ ಬೆಳಿಗ್ಗೆ ಅಮ್ಮ ಹೂವು ಸರಿಸಿ ಕದಲಿಸುವ ತನಕ ಯಾರೂ ಮುಟ್ಟುವುದಿಲ್ಲ. ಈಳಿಗೆ ಮಣೆ ಕೂಡ ಮುಟ್ಟುವುದಿಲ್ಲ. ಹಾಗಾಗಿ ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುತ್ತಾಳೆ. ಒಂದೇ ಗಾಲಿ ಉಳಿದಿದೆ ಅಂತ ನಾನು ಗೋಗರೆದೆ. ಅಪ್ಪನೇ ಬೇಡ ಅಂದರು. ನಾಳೆ ಮುಂಜಾನೆ ಹೊರಡುವ ಮೊದಲು ಮಾಡಿದರಾಯಿತು, ಗೆರೆ ಇಲ್ಲದ ಗಾಲಿಯನ್ನು ಮರೆಯುವುದು ಹೇಗೆ ಸಾಧ್ಯ ಅಂದರು. ಟೂಲ್‌ಗಳನ್ನು ಒರೆಸಿ ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ಟಾರ್ಕ್ ರೆಂಚನ್ನು ನಡುವೆ ಇಟ್ಟರು. ಅಮ್ಮ ಅದಕ್ಕೆ ಚೆಂಡು ಹೂವಿನ ಮಾಲೆ ಹಾಕಿದಳು.

ಕಾರಿನ ಅಲಂಕಾರ ವದಿನಗೆ ಬಿಟ್ಟಿದ್ದು. ಅದು ಅವಳು ಮನೆಯವಳಾಗಿ ಮಾಡಿದ ಮೊದಲ ದಸರೆ ಕೆಲಸ. ಅಮ್ಮ ಬಾಗಿಲಲ್ಲಿ ನಿಂತು ಟೀಕೆ ಮಾಡುತ್ತಲೇ ಇದ್ದಳು. ಅವಳ ಬಾಯಲ್ಲಿ ವಿಜಯವಾಡ ಇನ್ನೂ ಹಳೆಯ ಹೆಸರಿನ ಬೆಜವಾಡವೇ.

"ನಿಮ್ಮ ಬೆಜವಾಡದಾಗ ಕುಂಕುಮಕ್ಕೂ ಖಾರಪುಡಿ ಕೂಡಿಸ್ತೀರೇನು, ಇಷ್ಟು ಕೆಂಪಾಗೇದ."

ವದಿನ ನಗುತ್ತಾ ಬಾನೆಟ್ಟಿಗೆ ಸ್ವಸ್ತಿಕ ಬರೆದಳು, ಗಾಜಿಗೆ ಅರಿಶಿನದ ಬೊಟ್ಟಿಟ್ಟಳು. ನಾನು ಪ್ರಸಾದದ ತಟ್ಟೆ ಹಿಡಿದು ಅಕ್ಕಪಕ್ಕದ ಮನೆಗಳಿಗೆ ಹೊರಟುಹೋದೆ. ಕಾರಿನ ಹತ್ತಿರ ಆಮೇಲೆ ಏನಾಯಿತು ಅಂತ ನನಗೆ ಆಗ ಗೊತ್ತಿರಲಿಲ್ಲ.

ದಶಮಿಯ ಬೆಳಿಗ್ಗೆ ಆಫೀಸಿನಿಂದ ತುರ್ತು ಕರೆ ಬಂತು. ಯಾವುದೋ ಸರ್ವರ್ ಮಲಗಿತ್ತು, ನಾನು ಟೆರೇಸಿನ ರೂಮಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತುಬಿಟ್ಟೆ. ಕೆಳಗಿಳಿದಾಗ ಕಾರು ಗೇಟಿನ ಹತ್ತಿರ ನಿಂತಿತ್ತು, ನಾಲ್ಕು ಗಾಲಿಯ ಕೆಳಗೂ ನಿಂಬೆಹಣ್ಣು. ಎಲ್ಲರೂ ಬನ್ನಿ ಎಲೆ ಕೊಟ್ಟು ನಮಸ್ಕಾರ ಮಾಡುತ್ತಿದ್ದರು. ನಾನು ಓಡಿ ಹೋಗಿ ಎಡಗಡೆಯ ಹಿಂದಿನ ಗಾಲಿ ನೋಡಿದೆ. ಪ್ರತಿ ನಟ್ಟಿನ ಮೇಲೂ ಕೆಂಪು ಗೆರೆ. ಅಪ್ಪ ಒಬ್ಬರೇ ಬಿಗಿ ಮಾಡಿ ಒಬ್ಬರೇ ಗೆರೆ ಹಾಕಿದ್ದಾರೆ, ತಮ್ಮ ನಿಯಮ ತಾವೇ ಮುರಿದಿದ್ದಾರೆ ಅಂತ ಒಳಗೊಳಗೇ ನಕ್ಕೆ. ಅಪ್ಪನೂ ಆ ಬೆಳಿಗ್ಗೆ ಅದೇ ಗಾಲಿಯ ಮುಂದೆ ರೆಂಚ್ ಹಿಡಿದು ಕೂತು, ಗೆರೆ ನೋಡಿ, ಮಗಳು ಅವಸರದಲ್ಲಿ ಒಬ್ಬಳೇ ಮುಗಿಸಿದ್ದಾಳೆ, ಹಬ್ಬದ ದಿನ ಬೈಯುವುದು ಬೇಡ ಅಂತ ಎದ್ದುಬಿಟ್ಟಿದ್ದರು. ಇದು ಆಮೇಲೆ ತಿಳಿದದ್ದು. ಕಾರು ಹೊರಟಿತು, ನಿಂಬೆಹಣ್ಣು ಪಚಕ್ ಅಂದಿತು.

ಊಟಕ್ಕೆ ಕೂರುವ ಹೊತ್ತಿಗೆ ಅಣ್ಣನ ಫೋನ್. ದಾರಿಯಲ್ಲಿ ತುನಿ ಊರು ದಾಟಿದ ಮೇಲೆ ಹಿಂದಿನಿಂದ ಟಕಟಕ ಅಂತ ಸದ್ದು. ಅಣ್ಣ ರೋಡೇ ಹೀಗೆ ಅಂದನಂತೆ. ವದಿನ ಇಲ್ಲ, ನಿಲ್ಲಿಸು ಅಂತ ಹಟ ಹಿಡಿದಳಂತೆ. ಅವನು ಇನ್ನೊಂದು ಸ್ವಲ್ಪ ಅಂದಾಗ ಸೀಟ್ ಬೆಲ್ಟ್ ಬಿಚ್ಚಿ, ನೀನು ನಿಲ್ಲಿಸದಿದ್ದರೆ ಬಾಗಿಲು ತೆಗೆಯುತ್ತೇನೆ ಅಂದಳಂತೆ. ಇಳಿದು ನೋಡಿದರೆ ಎಡಗಡೆಯ ಹಿಂದಿನ ಗಾಲಿಯಲ್ಲಿ ಒಂದು ನಟ್ಟು ಇರಲೇ ಇಲ್ಲ, ಉಳಿದವು ಬೆರಳಲ್ಲಿ ತಿರುಗುತ್ತಿದ್ದವು. ಇದ್ದ ವೀಲ್ ಸ್ಪ್ಯಾನರಿನಲ್ಲಿ ಬಿಗಿ ಮಾಡಿಕೊಂಡು ನಿಧಾನಕ್ಕೆ ಅನ್ನವರಂ ತನಕ ಬಂದು ನಟ್ಟು ಹಾಕಿಸಿದ್ದಾರೆ, ಈಗ ಎಲ್ಲ ಸರಿ ಇದೆ, ಹೆದರಬೇಡಿ.

ಅಪ್ಪ ಫೋನ್ ನನಗೆ ಕೊಟ್ಟು ನನ್ನ ಕಡೆ ತಿರುಗಿದರು.

"ಪುಟ್ಟಿ, ಆ ಗಾಲಿ ನೀ ಟೈಟ್ ಮಾಡಿದ್ದೇನು?"

ಇಲ್ಲ ಅಂದೆ.

"ಗೆರಿ?"

ಅದೂ ಇಲ್ಲ, ನೀವು ಹಾಕಿದ್ದು ಅಂದುಕೊಂಡೆ ಅಂದೆ.

ಅಪ್ಪ ತಟ್ಟೆ ಮುಂದಿಟ್ಟುಕೊಂಡೇ ಕೈ ತೊಳೆದರು. "ಹಂಗಾದ್ರ ನಾನ ಹಾಕೀನಿ. ಟೈಟ್ ಮಾಡದ ಗೆರಿ ಹಾಕೀನಿ. ನೆನಪ ಇಲ್ಲ ನನಗ."

ಕಾರ್ಖಾನೆಯವರಿಗೆ ಬಿಗಿ ಮಾಡದ ನಟ್ಟಿನ ಮೇಲೆ ಗೆರೆ ಎಳೆಯುವುದೆಂದರೆ ಏನು ಅಂತ ನಿಮಗೆ ಹೇಗೆ ಹೇಳಲಿ. ಸುಳ್ಳು ಸಹಿ ಹಾಕಿದ ಹಾಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನಮ್ಮ ದೊಡ್ಡಪ್ಪನಿಗೆ ಕೊನೆಗೆ ಮರೆವಿನ ಕಾಯಿಲೆ ಬಂದಿತ್ತು. ಗದಗಿನ ತಮ್ಮ ಮನೆಯ ಮುಂದೆಯೇ ನಿಂತು ಈ ಮನೆ ಯಾರದು ಅಂತ ಕೇಳುತ್ತಿದ್ದರು. ಅಪ್ಪ ಅದನ್ನು ನೋಡಿದವರು. ಆ ಮಧ್ಯಾಹ್ನ ಅವರು ಒಂದೊಂದೇ ಟೂಲನ್ನು ಡ್ರಾಯರಿಗೆ ಹಾಕಿ, ದುರ್ಗಾಪ್ರಸಾದ್ ಅವರಿಗೆ ಫೋನ್ ಮಾಡಿ, ಇವನ್ನೆಲ್ಲ ಯಾರಾದರೂ ದುಡಿಯುವವರಿಗೆ ಕೊಟ್ಟುಬಿಡಿ, ನನ್ನ ತಲೆಯ ಮೇಲೆ ನನಗೆ ನಂಬಿಕೆ ಹೋಯಿತು ಅಂದರು. ಅವರು ಮೊದಲು ಒಮ್ಮೆ ಬೆಜವಾಡಕ್ಕೆ ಬನ್ನಿ, ಕೂತು ಮಾತಾಡೋಣ ಅಂದರಂತೆ.

ಸಂಜೆ ವದಿನ ನನಗೆ ಮಾತ್ರ ಫೋನ್ ಮಾಡಿದಳು. ದನಿ ಬಹಳ ಸಣ್ಣಗಿತ್ತು.

"ಪ್ರತೀ, ಆ ಗೆರೆ ಪೇಂಟ್ ಕಾದು... ಪೇಂಟ್ ಅಲ್ಲ. ಕುಂಕುಮ. ನಾನೇ ಹಾಕಿದ್ದು."

ಮೂರು ಗಾಲಿಯ ನಟ್ಟುಗಳ ಮೇಲೆ ಕೆಂಪು ಗೆರೆ ಕಂಡಿದ್ದಳು. ಇದು ಈ ಮನೆಯ ಪದ್ಧತಿ, ಗದಗಿನ ಕಡೆ ಗಾಲಿಗೆ ಹೀಗೇ ಕುಂಕುಮ ಇಡುತ್ತಾರೆ ಅಂದುಕೊಂಡಿದ್ದಳು. ನಾಲ್ಕನೆಯದಕ್ಕೆ ಇಟ್ಟಿಲ್ಲ, ಅತ್ತಯ್ಯ ನೋಡಿದರೆ ಇದೊಂದೂ ಬರಲಿಲ್ಲವಾ ಅನ್ನುತ್ತಾರೆ ಅಂತ, ಕುಂಕುಮವನ್ನು ನೀರಲ್ಲಿ ಕಲಸಿ, ಊದುಬತ್ತಿಯ ಕಡ್ಡಿಯಿಂದ ಉಳಿದ ಗಾಲಿಗಳಿಗೆ ಸರಿಸಮ ಆಗುವಂತೆ ಎಳೆದಿದ್ದಳು. ಹೆದ್ದಾರಿಯಲ್ಲಿ ನಟ್ಟು ಮುಟ್ಟಿದಾಗ ಬೆರಳು ಕೆಂಪಾಯಿತಂತೆ. ಆಗಲೇ ಹೊಳೆಯಿತಂತೆ. ಆಟೋನಗರದಲ್ಲಿ ಬೆಳೆದವಳಿಗೆ ಇದು ಗೊತ್ತಾಗಬೇಡವಾ ಅಂತ ನಾನು ಕೇಳಲಿಲ್ಲ, ಅವಳೇ ಹೇಳಿಕೊಂಡಳು: ಅವರ ಅಂಗಡಿಯಲ್ಲಿ ಮಾರುವುದಷ್ಟೇ, ಗೆರೆ ಹಾಕುವ ಕೆಲಸ ಅವಳು ನೋಡಿರಲಿಲ್ಲ.

ಈಗಲೇ ಮಾವಯ್ಯನಿಗೂ ಅತ್ತಯ್ಯನಿಗೂ ಹೇಳುತ್ತೇನೆ ಅಂದಳು. ನಾನು ತಡೆದೆ. ನನ್ನ ತಲೆಯಲ್ಲಿ ಅಮ್ಮನ ಬಾಯಿ ಆಗಲೇ ಮಾತಾಡುತ್ತಿತ್ತು. ಹೊಸ ಸೊಸೆ, ಮೊದಲ ದಸರೆ, ಅವಳು ಹಚ್ಚಿದ ಕುಂಕುಮ, ಮಗನ ಕಾರಿನ ಗಾಲಿ. ಈ ನಾಲ್ಕನ್ನು ಸೇರಿಸಿ ಅಮ್ಮ ಜೀವನಪೂರ್ತಿ ಹೇಳಬಹುದಾದ ಮಾತು ನನಗೆ ಕೇಳಿಸಿಬಿಟ್ಟಿತು. ಸ್ವಲ್ಪ ತಾಳು, ಅಣ್ಣನಿಗೂ ಈಗ ಹೇಳಬೇಡ, ನಾನು ನೋಡಿಕೊಳ್ಳುತ್ತೇನೆ ಅಂದೆ.

ಆ ವಾರದ ಕೊನೆಗೆ ಅಪ್ಪನ ಜೊತೆ ನಾನೂ ವಿಜಯವಾಡದ ರೈಲು ಹತ್ತಿದೆ. ಟಾರ್ಕ್ ರೆಂಚನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕೊಟ್ಟವರ ಕೈಗೇ ವಾಪಸ್ ಕೊಡಬೇಕಂತೆ. ಗೋದಾವರಿ ಬರುವ ತನಕ ತಡೆದುಕೊಂಡೆ, ಆಮೇಲೆ ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅಪ್ಪ ಕಿಟಕಿಯ ಕಡೆ ತಿರುಗಿದರು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಎಷ್ಟ ನೀಟಾಗಿ ಎಳದಾಳ ನೋಡು ಹುಡುಗಿ. ನಮ್ಮ ಫೋರ್‌ಮನ್‌ಗೂ ಹಂಗ ಬರ್ತಿದ್ದಿಲ್ಲ."

ಆಮೇಲೆ ರೆಂಚಿನ ಟವೆಲ್ ಬಿಚ್ಚಿ ಮತ್ತೆ ಸುತ್ತಿದರು. ಅವರ ಮುಖದಿಂದ ಏನೋ ಇಳಿದುಹೋಗಿತ್ತು. ಸಮಾಧಾನವಾಯಿತು ಅಂತ ನಾನು ಇಡ್ಲಿಯ ಪೊಟ್ಟಣ ಬಿಚ್ಚುವಾಗ ಹೇಳಿದರು:

"ಇದನ್ನ ಇಲ್ಲೇ ಬಿಡೂಣು. ನಿಮ್ಮವ್ವನ ಬಾಯಿ ನಿನಗ ಗೊತ್ತದ. ಪಾಪ, ಹೊಸದಾಗಿ ಬಂದಾಳ. ನಾ ಮರತೆ ಅಂದ್ರ ಯಾರ ಗಂಟು ಏನ್ ಹೋಗ್ತದ? ಯಾರ ಮುಂದೂ ಬಾಯಿ ಬಿಡೂದಿಲ್ಲ ಅಂತ ಹೇಳು."

ಹೂಂ ಅಂದೆ. ನೋಡಿ, ಇಲ್ಲೇ ನಾನು ಸಿಕ್ಕಿಬಿದ್ದದ್ದು.

ವಿಜಯವಾಡದ ಪಟಮಟದಲ್ಲಿರುವ ದುರ್ಗಾಪ್ರಸಾದ್ ಅವರ ಮನೆಯಲ್ಲಿ ಊಟ ಮುಗಿದ ಮೇಲೆ ಎಲ್ಲರೂ ಹಾಲ್‌ನಲ್ಲಿ ಕೂತೆವು. ವದಿನ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅಪ್ಪನ ಮುಂದೆ ನಿಂತಳು. ನನ್ನ ಹತ್ತಿರ ತೆಲುಗು ಬೆರೆಸಿ ಮಾತಾಡುವವಳು ಬೆಳಿಗ್ಗೆಯಿಂದ ಕಲಿತಿಟ್ಟುಕೊಂಡ ಅಚ್ಚ ಕನ್ನಡ ಅದು, ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಮಾವಯ್ಯ, ನಾನು ಒಂದು ಮಾತು..."

ಅಪ್ಪ ಅವಳ ಕಡೆ ನೋಡಲೇ ಇಲ್ಲ. ದುರ್ಗಾಪ್ರಸಾದ್ ಅವರ ಕಡೆ ತಿರುಗಿ, "ಬೀಗರ, ತಪ್ಪು ನಂದ. ಟೈಟ್ ಮಾಡದ ಗೆರಿ ಹಾಕ್ದೆ. ವಯಸ್ಸಾತು, ಮರವು," ಅಂದುಬಿಟ್ಟರು. ದುರ್ಗಾಪ್ರಸಾದ್ ಅವರು ವಯಸ್ಸಿನ ಮಾತು ತಳ್ಳಿಹಾಕಿದರು, ಅಪ್ಪ ವಾಪಸ್ ಕೊಡಲು ಹೋದ ರೆಂಚನ್ನು ಮುಟ್ಟಲೂ ಇಲ್ಲ. ಅಣ್ಣ ಮಾತ್ರ ಸುಮ್ಮನಿರದೆ, ಇನ್ನು ಮೇಲೆ ನನ್ನ ಗಾಡಿ ಸರ್ವಿಸ್ ಸೆಂಟರಿಗೇ ಅಂತ ಅರ್ಧ ತಮಾಷೆ ಮಾಡಿದ. ಆಮೇಲೆ ಬಾಲ್ಕನಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿ, ಅಪ್ಪನೇ ಒಪ್ಪಿಕೊಂಡರು, ಮರೆವಂತೆ, ಸ್ವಲ್ಪ ನೋಡಿಕೊಳ್ಳಮ್ಮ ಅಂದ.

ವದಿನ ಅಡುಗೆಮನೆಯಲ್ಲಿ ನನ್ನ ಮಣಿಕಟ್ಟು ಹಿಡಿದಳು. ಮಾವಯ್ಯನಿಗೆ ಗೊತ್ತು ಅಲ್ವಾ ಅಂದಳು. ಗೊತ್ತು, ನಿನ್ನ ಸಲುವಾಗಿ ಹಾಗೆ ಹೇಳಿದರು ಅಂದೆ.

"ನನ್ನ ಸಲುವಾಗಿ ಅಂದ್ರೆ? ನಾನು ಕೇಳಿದ್ನಾ? ಮೊದಲ ದಿನ ಹೇಳಿದ್ರೆ ಅದು ಒಂದು 'ಅಯ್ಯೋ' ಅಷ್ಟೇ, ಪ್ರತೀ. ಈಗ ನೋಡು, ದೊಡ್ಡವರು ನನಗೋಸ್ಕರ ಸುಳ್ಳು ಹೇಳೋ ಹಾಗಾಯ್ತು. ಈಗ ನಾನು ಬಾಯಿ ಬಿಟ್ರೆ ಅವರ ಮಾನ ಹೋಗುತ್ತೆ."

ನಾನು ಸಿಂಕಿನಲ್ಲಿದ್ದ ತಟ್ಟೆಗಳನ್ನು ತೊಳೆಯಲು ಶುರು ಮಾಡಿದೆ.

ವಿಶಾಖಪಟ್ಟಣಕ್ಕೆ ವಾಪಸ್ ಬಂದ ಮೇಲೆ ಮನೆಯೇ ಬದಲಾಗಿತ್ತು. ಅಮ್ಮ ಅಪ್ಪನೊಬ್ಬರನ್ನೇ ಹಾಲು ತರಲೂ ಕಳಿಸುತ್ತಿರಲಿಲ್ಲ, ಚಪ್ಪಲಿ ಹಾಕಿಕೊಂಡು ಹಿಂದೆಯೇ ಹೊರಡುತ್ತಿದ್ದಳು. ಅವರ ಅಂಗಿಯ ಜೇಬಿನಲ್ಲಿ ಮನೆಯ ವಿಳಾಸ, ನನ್ನ ನಂಬರ್ ಬರೆದ ಚೀಟಿ. ಶೆಡ್ಡಿಗೆ ಬೀಗ. ಪಕ್ಕದ ಮನೆಯವರು ಬ್ರೇಕ್ ಹಿಡಿಯುತ್ತಿಲ್ಲ ಅಂತ ಸ್ಕೂಟರ್ ತಳ್ಳಿಕೊಂಡು ಬಂದರೆ, ಅವರಿಗೆ ಆರಾಮಿಲ್ಲ ಅಂತ ಅಮ್ಮ ಗೇಟಿನಿಂದಲೇ ಕಳಿಸಿದಳು. ಟೀಕೆ, ಕುಚೋದ್ಯ ಎಲ್ಲ ನಿಂತುಹೋಗಿತ್ತು. ನನ್ನ ಮಿಸಳಭಾಜಿ ಕನ್ನಡಕ್ಕೂ ಏನೂ ಅನ್ನುತ್ತಿರಲಿಲ್ಲ. ಅಪ್ಪ ಸಂಜೆಯ ಪೇಪರ್ ಹಿಡಿದು ಜಗಲಿಯಲ್ಲಿ ಕೂರತೊಡಗಿದರು. ತಲೆ ಸರಿಯಿದೆ ಅಂತ ಅವರಿಗೆ ಗೊತ್ತು, ಆದರೆ ಅದನ್ನು ತೋರಿಸುವ ಜಾಗಕ್ಕೆ ಬೀಗ ಬಿದ್ದಿದೆ. ಅಮ್ಮನಿಗೆ ಹೇಳಿಬಿಡೋಣ ಅಪ್ಪಾ ಅಂತ ನಾನು ಎಷ್ಟು ಸಲ ಕೇಳಿದರೂ ಇರ್ಲಿ, ತಣ್ಣಗಾಗ್ತದ ಅಂದರು. ತಣ್ಣಗಾಗಲಿಲ್ಲ.

ಒಂದು ಶನಿವಾರ ಅಮ್ಮ ಮೆಂತ್ಯೆ ಸೊಪ್ಪು ಸೋಸುತ್ತಾ ನನ್ನನ್ನು ಹತ್ತಿರ ಕರೆದಳು. ದ್ವಾರಕಾ ನಗರದಲ್ಲಿ ಮರೆವಿಗೆ ನೋಡುವ ಡಾಕ್ಟರು ಯಾರೋ ಇದ್ದಾರಂತೆ, ಅಪ್ಪನಿಗೆ ಗೊತ್ತಾಗದ ಹಾಗೆ ಸಮಯ ಗೊತ್ತು ಮಾಡು, ಬಿಪಿ ತೋರಿಸಲು ಅಂತ ಹೇಳಿ ಕರೆದುಕೊಂಡು ಹೋಗೋಣ ಅಂದಳು. ನಾನು ಅವಳ ಕೈ ನೋಡಿದೆ. ಎಲೆ ಬಿಡಿಸಿ ಬುಟ್ಟಿಗೆ ಹಾಕುವ ಬದಲು ದಂಟು ಬುಟ್ಟಿಗೆ, ಎಲೆ ಕಸಕ್ಕೆ ಹಾಕುತ್ತಿದ್ದಳು.

"ನಿಮ್ಮ ದೊಡ್ಡಪ್ಪಂದೂ ಹಿಂಗ ಸುರು ಆತು, ಪ್ರತೀ. ಮೊದಲ ಗಾಡಿ ಕೀಲಿ, ಆಮ್ಯಾಲೆ ಹೆಂಡತಿ ಮಾರಿ. ನನ್ನ ಮಾರಿ ಅವರು ಮರತರ ನಾ ಏನ್ ಮಾಡ್ಲಿ?"

ನನಗೆ ಅಲ್ಲಿ ಕೂರಲು ಆಗಲಿಲ್ಲ. ಎದ್ದು ಟೆರೇಸಿಗೆ ಹೋಗಿ ವದಿನಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಅಪ್ಪನಿಗೆ ಕೊಟ್ಟ ಮಾತನ್ನೂ ಹೇಳಿದೆ. ಅವಳು ಬ್ಯಾಂಕಿನಲ್ಲಿದ್ದಳು, ಹಿಂದೆ ಟೋಕನ್ ಕರೆಯುವ ಸದ್ದು ಬರುತ್ತಿತ್ತು. ಒಂದು ಕ್ಷಣ ತಾಳು ಅಂದಳು. ಬಾಗಿಲು ಮುಚ್ಚಿದ ಸದ್ದು.

"ನೀನು ಏನೂ ಹೇಳ್ಬೇಡ. ಫೋನ್ ಅತ್ತಯ್ಯ ಕೈಗೆ ಕೊಡು."

ಅಪ್ಪ ಜಗಲಿಯಲ್ಲಿದ್ದರು. ಅವರ ಎದುರಿನಿಂದಲೇ ಹಾದು ಅಡುಗೆಮನೆಗೆ ಹೋದೆ. ನನ್ನ ಕೈಯಲ್ಲಿನ ಫೋನ್ ನೋಡಿ ಅವರಿಗೆ ಅರ್ಥವಾಯಿತು ಅನ್ನಿಸುತ್ತದೆ, ಬ್ಯಾಡ ಅನ್ನುವ ಹಾಗೆ ತಲೆ ಆಡಿಸಿದರು. ನಾನು ಅಮ್ಮನ ಕೈಗೆ ಫೋನ್ ಕೊಟ್ಟೆ.

ಅಮ್ಮ ಬಹಳ ಹೊತ್ತು ಹಾಂ, ಹಾಂ ಅನ್ನುತ್ತಾ ಕೇಳಿದಳು. ಆ ಕಡೆ ವದಿನ ಅಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಕೊನೆಗೆ ಅಮ್ಮ ಹೇಳಿದಳು:

"ಅಳಬ್ಯಾಡವಾ. ಕುಂಕುಮ ಹಚ್ಚೂದು ತಪ್ಪಲ್ಲ. ನೀ ಹಟಾ ಮಾಡಿ ಗಾಡಿ ನಿಲ್ಲಿಸಿದಿ ಅಂತ ನನ್ನ ಮಗಾ ಇವತ್ತು ನಡಕೋತ ಅಡ್ಡಾಡ್ಲಿಕ್ಕತ್ತಾನ. ಮುಂದಿನ ಖಂಡೇನವಮಿಗೆ ನೀನ ಹಚ್ಚು, ನಾ ಬಾಜೂಕ ನಿಂತಿರ್ತೀನಿ. ಈಗ ಕೆಲಸ ನೋಡಕೊ ಹೋಗು, ಮ್ಯಾನೇಜರು ಬಯ್ತಾನ."

ನನಗೆ ಎಷ್ಟು ಹಗುರವಾಯಿತು ಅಂದರೆ ನಗು ಬಂದುಬಿಟ್ಟಿತು. ಆ ನಗು ಅಮ್ಮನ ಮುಖ ನೋಡಿದ ತಕ್ಷಣ ನಿಂತಿತು. ಅವಳು ಫೋನನ್ನು ಸೊಪ್ಪಿನ ಪಕ್ಕಕ್ಕೆ ಇಟ್ಟು, ಶೆಡ್ಡಿನ ಕೀಲಿ ತೆಗೆದುಕೊಂಡು ಜಗಲಿಗೆ ಹೋಗಿ, ಅಪ್ಪ ಹಿಡಿದಿದ್ದ ಪೇಪರಿನ ಮೇಲೆ ಇಟ್ಟಳು. ಅಪ್ಪ ಏನೋ ಹೇಳಲು ಹೊರಟರು. ಅವಳು ಬಿಡಲಿಲ್ಲ. ದನಿ ಏರಿಸಲೂ ಇಲ್ಲ, ಅದೇ ಕಷ್ಟವಾಗಿದ್ದು.

"ನಿಮಗ ಮರವು ಹತ್ತೇದ ಅಂತ ನಾ ದಿನಾ ದೇವರ ಮುಂದ ಕೂತೆ. ನೀವಿಬ್ರೂ ನನ್ನ ಬಾಯಿಗೆ ಹೆದರಿ ಕೂತಿದ್ರಿ. ಇಷ್ಟು ವರ್ಷ ಸಂಸಾರ ಮಾಡಿ, ಮಗಳನ್ನ ಬೆಳಸಿ, ನಾ ಇಂಥಾಕಿ ಅಂತ ತಿಳಕೊಂಡ್ರೇನು?"

ಅಪ್ಪ ಕೀಲಿಯನ್ನು ನೋಡುತ್ತಾ ಕೂತರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅಮ್ಮ ಒಳಗೆ ಹೋಗಿ, ಕಸದಲ್ಲಿ ಬಿದ್ದಿದ್ದ ಮೆಂತ್ಯೆ ಎಲೆಗಳನ್ನು ಒಂದೊಂದೇ ಆರಿಸತೊಡಗಿದಳು.

ಈಗ ಪರಿಸ್ಥಿತಿ ಹೀಗಿದೆ. ಶೆಡ್ಡು ತೆರೆದಿದೆ. ಅಪ್ಪ ಕೆಲಸ ಮಾಡುತ್ತಿದ್ದಾರೆ, ಆದರೆ ಚಹಾಕ್ಕೆ ತಾವೇ ಒಳಗೆ ಹೋಗಬೇಕು. ಅಮ್ಮ ಮತ್ತು ವದಿನ ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತಾರೆ, ಬಾಗಿಲು ಮುಚ್ಚಿಕೊಂಡು ನಗುತ್ತಾರೆ. ನನ್ನ ಜೊತೆ ಅಮ್ಮನ ಮಾತು ಊಟ ಆತು, ಬಾಗಿಲು ಹಾಕು, ಇಷ್ಟೇ. ಮಾತು ಕೊಟ್ಟು ಮುರಿದೆ ಅಂತ ಅಪ್ಪನಿಗೆ ನನ್ನ ಮೇಲೆ ಬೇಸರ. ಮೊದಲ ದಿನವೇ ತಡೆದೆ ಅಂತ ವದಿನಗೆ. ಎಲ್ಲರಿಗಿಂತ ಕೊನೆಗೆ ತನಗೆ ತಿಳಿಯಿತು ಅಂತ ಅಣ್ಣನಿಗೆ. ಒಬ್ಬರ ಮೇಲೂ ನನಗೆ ಕೋಪ ಬರುವುದಿಲ್ಲ, ಎಲ್ಲರದೂ ಸರಿ ಅನ್ನಿಸುತ್ತದೆ. ನಾ ಇಂಥಾಕಿ ಅಂತ ತಿಳಕೊಂಡ್ರೇನು ಅಂತ ಅಮ್ಮ ಜಗಲಿಯಲ್ಲಿ ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಯಾಕೆಂದರೆ ಹೌದು, ನಾನು ಹಾಗೇ ತಿಳಿದುಕೊಂಡಿದ್ದೆ.

ಪೂರ್ತಿ ಕೇಳಿದಿರಲ್ಲ, ಈಗ ಹೇಳಿ. ವದಿನ ಸಣ್ಣ ದನಿಯಲ್ಲಿ ಫೋನ್ ಮಾಡಿದ ಆ ಸಂಜೆ, ಅಥವಾ ಅಪ್ಪ ರೈಲಿನಲ್ಲಿ ಮಾತು ತೆಗೆದುಕೊಂಡಾಗ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?